ಸೂಜಿ ಚುಚ್ಚಿದ್ದನ್ನು ಮುಚ್ಚಿಡಬೇಡಿ: ಆಸ್ಪತ್ರೆ ಸಿಬ್ಬಂದಿಯ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪ್ರಶ್ನೆಗಳೆಲ್ಲ ಆಸ್ಪತ್ರೆಯ ಒಳಗೆ ಕೆಲಸ ಮಾಡುವವರಿಂದಲೇ ಬಂದಿವೆ. ನರ್ಸುಗಳು, ವಾರ್ಡ್ ಸಹಾಯಕರು, ಕ್ಲೀನಿಂಗ್ ಕೆಲಸದವರು. ಹೆಚ್ಚುಕಮ್ಮಿ ಎಲ್ಲರೂ ಕೊನೆಗೆ ‘ದಯವಿಟ್ಟು ಹೆಸರು ಹಾಕಬೇಡಿ ಡಾಕ್ಟ್ರೇ’ ಅಂತ ಬರೆದಿದ್ದಾರೆ. ಹಾಕುವುದಿಲ್ಲ, ಚಿಂತೆ ಬಿಡಿ. ಆದರೆ ದಿನವಿಡೀ ರೋಗಿಗಳಿಗೆ ‘ಏನೂ ಮುಚ್ಚಿಡಬೇಡಿ’ ಅಂತ ಹೇಳುವ ನಾವೇ ನಮ್ಮ ಮೈಗೆ ಆದದ್ದನ್ನು ಮುಚ್ಚಿಟ್ಟುಕೊಂಡು ಓಡಾಡುತ್ತೇವಲ್ಲ!

ಪ್ರಶ್ನೆ: ನಾನು ವಾರ್ಡ್ ಕ್ಲೀನಿಂಗ್ ಕೆಲಸದವಳು. ನಿನ್ನೆ ರಾತ್ರಿ ಕಸದ ಚೀಲ ಎತ್ತಿಕೊಂಡು ಹೋಗುವಾಗ ಒಳಗಿದ್ದ ಸೂಜಿ ತೊಡೆಗೆ ಚುಚ್ಚಿತು. ರಕ್ತ ಬಂತು. ಚೆನ್ನಾಗಿ ಹಿಂಡಿ ಸ್ಪಿರಿಟ್ ಹಚ್ಚಿದೆ. ಯಾವ ಪೇಷೆಂಟ್ ಸೂಜಿ ಅಂತ ಗೊತ್ತಿಲ್ಲ. ಸೂಪರ್‌ವೈಸರ್‌ಗೆ ಹೇಳಿದರೆ ‘ನೋಡ್ಕೊಂಡು ಎತ್ತೋಕಾಗಲ್ವಾ’ ಅಂತಾರೆ. ಏನು ಮಾಡಲಿ?

ನಿಮ್ಮ ಪತ್ರ ಸಿಕ್ಕ ಕೂಡಲೇ ನಿಮಗೆ ನೇರವಾಗಿ ಉತ್ತರ ಕಳಿಸಿದ್ದೆ. ಅಂಕಣ ಬರುವ ತನಕ ಕಾಯುವ ವಿಷಯ ಅಲ್ಲ ಇದು. ಅವತ್ತೇ ಹೋಗಿ ತೋರಿಸಿದ್ದೀರಿ ಅಂತ ಗೊತ್ತಾಗಿ ಸಮಾಧಾನವಾಯಿತು. ಉಳಿದವರಿಗಾಗಿ ಇಲ್ಲಿ ಮತ್ತೆ ಬರೆಯುತ್ತಿದ್ದೇನೆ.

ಮೊದಲಿಗೆ, ಚುಚ್ಚಿದ ಜಾಗ ಹಿಂಡಬೇಡಿ. ಹಿಂಡಿದರೆ ವೈರಸ್ ಹೊರಗೆ ಬರುತ್ತದೆ ಅನ್ನುವುದಕ್ಕೆ ಆಧಾರವಿಲ್ಲ, ಸುಮ್ನೆ ಆ ಜಾಗಕ್ಕೆ ಇನ್ನಷ್ಟು ಗಾಯ ಆಗುತ್ತದೆ. ಸ್ಪಿರಿಟ್, ಬ್ಲೀಚ್ ಯಾವುದೂ ಬೇಡ. ಹರಿಯುವ ನೀರಲ್ಲಿ ಸೋಪು ಹಾಕಿ ತೊಳೆಯಿರಿ, ಅಷ್ಟೇ ಸಾಕು. ರಕ್ತ ಕಣ್ಣಿಗೆ ಸಿಡಿದಿದ್ದರೆ ಬರೀ ನೀರು ಅಥವಾ ಸಲೈನ್ ಹಾಕಿ ಚೆನ್ನಾಗಿ ತೊಳೆಯಿರಿ.

ಆಮೇಲೆ ಗಡಿಯಾರ ನೋಡಿ. ಎಚ್‌ಐವಿ ಹತ್ತದಂತೆ ತಡೆಯುವ ಮಾತ್ರೆಗಳನ್ನು ಕೆಲವೇ ಗಂಟೆಗಳಲ್ಲಿ ಶುರು ಮಾಡಿದರೆ ಒಳ್ಳೆಯದು. 72 ಗಂಟೆ ದಾಟಿದ ಮೇಲೆ ಅವನ್ನು ಕೊಡುವುದಿಲ್ಲ. ಶುರು ಮಾಡಿದರೆ 28 ದಿನ ಬಿಡದೆ ತಗೋಬೇಕು. ಯಾರ ಸೂಜಿ ಅಂತ ಗೊತ್ತಿಲ್ಲದಿದ್ದರೂ ಹೋಗಿ. ಯಾವ ವಾರ್ಡಿನ ಚೀಲ, ಎಂಥ ಸೂಜಿ, ಎಷ್ಟು ಆಳ ಚುಚ್ಚಿತು ಅಂತ ಕೇಳಿ ಡಾಕ್ಟರ್ ನಿರ್ಧಾರ ಮಾಡುತ್ತಾರೆ. ರಕ್ತ ತೆಗೆಯುವ, ಒಳಗೆ ತೂತಿರುವ ಸೂಜಿಯಲ್ಲಿ ರಕ್ತ ಜಾಸ್ತಿ ಉಳಿದಿರುತ್ತದೆ. ಹೊಲಿಗೆ ಹಾಕುವ ಸೂಜಿಯಲ್ಲಿ ಕಡಿಮೆ.

ಚುಚ್ಚಿತು ಅಂದ ಕೂಡಲೇ ಎಲ್ಲರೂ ಹೆದರುವುದು ಎಚ್‌ಐವಿಗೆ. ಲೆಕ್ಕ ನೋಡಿದರೆ, ಎಚ್‌ಐವಿ ಇರುವವರ ರಕ್ತದ ಸೂಜಿಯೇ ಚುಚ್ಚಿದ್ದರೂ ಅದು ಹತ್ತುವುದು 1000 ಸಲಕ್ಕೆ ಸುಮಾರು 3 ಸಲ, ಅದೂ ಯಾವ ಮಾತ್ರೆಯನ್ನೂ ತಗೊಳ್ಳದಿದ್ದರೆ. ಲಿವರ್‌ಗೆ ಹತ್ತುವ ಹೆಪಟೈಟಿಸ್ ಬಿ ವೈರಸ್ ಹಾಗಲ್ಲ. ಲಸಿಕೆ ಹಾಕಿಸಿಕೊಳ್ಳದವರಲ್ಲಿ 100ಕ್ಕೆ 6ರಿಂದ 30 ಸಲ ಹತ್ತಬಹುದು. ಒಣಗಿದ ರಕ್ತದಲ್ಲೂ ಅದು ಕಡೇ ಪಕ್ಷ 7 ದಿನ ಬದುಕಿರುತ್ತದೆ. ಹಾಗಾಗಿ ಚೀಲದೊಳಗಿನ ‘ಹಳೇ ಸೂಜಿ, ಏನಾಗಲ್ಲ’ ಅನ್ನುವ ಮಾತು ಸುಳ್ಳು. ಒಳ್ಳೆಯ ಸುದ್ದಿ ಅಂದರೆ ಇದಕ್ಕೆ ಲಸಿಕೆ ಇದೆ. ಮೊದಲ ದಿನ ಒಂದು, ತಿಂಗಳಿಗೆ ಒಂದು, ಆರನೇ ತಿಂಗಳಿಗೆ ಒಂದು, ಒಟ್ಟು 3 ಡೋಸ್. ಅದಾಗಿ ಒಂದೆರಡು ತಿಂಗಳಿಗೆ ರಕ್ತ ಪರೀಕ್ಷೆ ಮಾಡಿಸಿ, ರಕ್ಷಣೆ ಬಂದಿದೆಯಾ ಅಂತ ನೋಡಬೇಕು. ವರದಿಯಲ್ಲಿ ಆ್ಯಂಟಿಬಾಡಿ 10 mIU/mL ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ರಕ್ಷಣೆ ಬಂದಿದೆ ಅಂತ. ಡಾಕ್ಟರಿಗೆ, ನರ್ಸಿಗೆ ಹಾಕಿಸಿ ಕ್ಲೀನಿಂಗ್‌ನವರನ್ನು ಬಿಟ್ಟುಬಿಡುವ ಕಡೆ ಇನ್ನೂ ಇದೆ, ಕಸದ ಚೀಲ ಎತ್ತುವವರೇ ಅವರಾದರೂ. ಲಸಿಕೆ ಆಗಿಲ್ಲದವರಿಗೆ ಚುಚ್ಚಿದರೆ ಆದಷ್ಟೂ 24 ಗಂಟೆಯೊಳಗೇ ಮೊದಲ ಡೋಸ್ ಹಾಕಿಸಬೇಕು, ಬೇಕಿದ್ದರೆ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್, ಅಂದರೆ ಸಿದ್ಧ ಆ್ಯಂಟಿಬಾಡಿಯ ಇಂಜೆಕ್ಷನ್ನನ್ನೂ ಕೊಡುತ್ತಾರೆ. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ, ಆದರೆ ಬೇಗ ಗೊತ್ತಾದರೆ 8ರಿಂದ 12 ವಾರದ ಮಾತ್ರೆಯಲ್ಲಿ ಗುಣವಾಗುತ್ತದೆ.

ಇನ್ನು ಸೂಪರ್‌ವೈಸರ್ ವಿಷಯ. ನೋಡಿ ಅಮ್ಮ, ಸೂಜಿ ಆ ಚೀಲದಲ್ಲಿ ಇರಲೇಬಾರದಿತ್ತು. ಸೂಜಿ ಬಳಸಿದವರೇ, ಬಳಸಿದ ಜಾಗದಲ್ಲೇ, ಅದಕ್ಕೆ ಕ್ಯಾಪ್ ಹಾಕದೆ, ಗಟ್ಟಿ ಡಬ್ಬಿಗೆ ಹಾಕಬೇಕು. ಆ ಡಬ್ಬಿ ಮುಕ್ಕಾಲು ತುಂಬಿದ ಕೂಡಲೇ ಬದಲಿಸಬೇಕು. ಇದರಲ್ಲಿ ಎಲ್ಲೋ ಯಾರೋ ತಪ್ಪಿದ್ದಾರೆ, ಅದರ ಫಲ ನಿಮ್ಮ ತೊಡೆಗೆ ಬಂತು. ಚೀಲವನ್ನು ಕುತ್ತಿಗೆ ಹಿಡಿದು ಮೈಯಿಂದ ದೂರ ಎತ್ತಬೇಕು, ಕೈಯಿಂದ ಒತ್ತಿ ಕಸ ತುಂಬಬಾರದು, ಇದು ನಿಮ್ಮ ಪಾಲಿನ ಎಚ್ಚರ. ಅಷ್ಟಕ್ಕೇ ತಪ್ಪು ನಿಮ್ಮದಾಗುವುದಿಲ್ಲ. ಬರವಣಿಗೆಯಲ್ಲಿ ದೂರು ಕೊಡಿ: ದಿನ, ಸಮಯ, ಜಾಗ, ಯಾವ ಸೂಜಿ. ಅವತ್ತೇ ರಕ್ತ ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಳ್ಳಿ. ಮುಂದೆ ಏನಾದರೂ ಆದರೆ, ‘ಅವತ್ತು ನನಗೆ ಏನೂ ಇರಲಿಲ್ಲ, ಇದು ಕೆಲಸದಲ್ಲೇ ಬಂದದ್ದು’ ಅಂತ ತೋರಿಸಲು ಆ ಹಾಳೆ ಬೇಕು.

ನಾನೂ ಹೊಸದಾಗಿ ಕೆಲಸಕ್ಕೆ ಸೇರಿದಾಗ ಒಂದು ರಾತ್ರಿ ಸೂಜಿಗೆ ಕ್ಯಾಪ್ ಹಾಕಲು ಹೋಗಿ ಎಡಗೈ ಹೆಬ್ಬೆರಳಿಗೆ ಚುಚ್ಚಿಕೊಂಡಿದ್ದೆ. ಗ್ಲೌಸ್ ಒಳಗೆ ಕೆಂಪು ಚುಕ್ಕೆ ಹರಡುವುದು ಕಾಣುತ್ತಿತ್ತು. ಆಸ್ಪತ್ರೆ ಹೆಸರು ಬೇಡ. ‘ಇಷ್ಟೂ ಬರಲ್ವಾ’ ಅಂತ ಸೀನಿಯರ್ ನಗುತ್ತಾರೆ ಅಂತ ಯಾರಿಗೂ ಹೇಳಲಿಲ್ಲ. ಮಾತ್ರೆ ತಗೊಳ್ಳುವ ಹೊತ್ತು ಮೀರಿಹೋಯಿತು. ಆಮೇಲೆ ಆರು ತಿಂಗಳು, ಪ್ರತಿ ಜ್ವರಕ್ಕೂ, ಪ್ರತಿ ಗಂಟಲು ನೋವಿಗೂ ರಾತ್ರಿ ನಿದ್ದೆ ಬಿಟ್ಟೆ. ಏನೂ ಆಗಲಿಲ್ಲ, ನನ್ನ ಅದೃಷ್ಟ.

ಪ್ರಶ್ನೆ: ಐಸಿಯು ನರ್ಸ್ ನಾನು. ಕೈ ಒಡೆದು ಬೆರಳ ಸಂದಿಯಲ್ಲಿ ಸೀಳು ಬಂದಿದೆ. ಸ್ಯಾನಿಟೈಸರ್ ಹಚ್ಚಿದರೆ ಕಣ್ಣಲ್ಲಿ ನೀರು ಬರುತ್ತದೆ. ಅದಕ್ಕೇ ಅದನ್ನು ಬಿಟ್ಟು ಸೋಪಿನಲ್ಲೇ ತೊಳೆಯುತ್ತೇನೆ, ಎರಡು ಜೊತೆ ಗ್ಲೌಸ್ ಹಾಕುತ್ತೇನೆ. ಸರಿನಾ?

ಇಲ್ಲ, ಉಲ್ಟಾ ಮಾಡುತ್ತಿದ್ದೀರಿ. ಉರಿಯುವುದು ಸ್ಯಾನಿಟೈಸರ್ ಆದರೂ ಕೈ ಕೆಡಿಸಿದ್ದು ಹೆಚ್ಚಾಗಿ ಸೋಪು ನೀರೇ. ಚರ್ಮದ ಎಣ್ಣೆಯಂಶವನ್ನು ಸೋಪು ತೊಳೆದುಬಿಡುತ್ತದೆ. ಗ್ಲಿಸರಿನ್ ಬೆರೆತ ಆಲ್ಕೋಹಾಲ್ ರಬ್, ಅಂದರೆ ಸ್ಯಾನಿಟೈಸರ್, ಕೈಗೆ ಸೋಪಿಗಿಂತ ಹಿತ. ಕೈ ಕಣ್ಣಿಗೆ ಕಾಣುವಷ್ಟು ಕೊಳೆ ಆಗಿದ್ದರೆ, ಅಥವಾ ಸಿ ಡಿಫಿಸಿಲ್ ಅನ್ನುವ ರೋಗಾಣುವಿನಿಂದ ಭೇದಿ ಇರುವ ರೋಗಿಯನ್ನು ಮುಟ್ಟಿದ್ದರೆ ಸೋಪು ಬೇಕೇ ಬೇಕು, ಆ ರೋಗಾಣುವಿನ ಬೀಜಕಗಳು ಆಲ್ಕೋಹಾಲಿಗೆ ಸಾಯುವುದಿಲ್ಲ. ಉಳಿದಂತೆ ರಬ್ ಸಾಕು, 20ರಿಂದ 30 ಸೆಕೆಂಡು ಉಜ್ಜಿ. ತೊಳೆದ ಕೂಡಲೇ ರಬ್ ಹಚ್ಚಬೇಡಿ. ಬಿಸಿ ನೀರು ಬೇಡ. ಕೈ ಪೂರ್ತಿ ಒಣಗುವ ಮೊದಲೇ ಗ್ಲೌಸ್ ಏರಿಸಬೇಡಿ, ಒಳಗೆ ಬೆವರು ಕಟ್ಟಿ ಚರ್ಮ ನೆನೆದು ಮೆತ್ತಗಾಗುತ್ತದೆ. ಡ್ಯೂಟಿ ಮುಗಿದ ಮೇಲೆ, ಮತ್ತೆ ಮಲಗುವಾಗ, ವಾಸನೆ ಇಲ್ಲದ ಕ್ರೀಮ್ ದಪ್ಪಗೆ ಹಚ್ಚಿ.

ಗ್ಲೌಸ್ ಹಾಕಿದ ಹತ್ತಿಪ್ಪತ್ತು ನಿಮಿಷದಲ್ಲೇ ತುರಿಕೆ, ದದ್ದು, ಸೀನು ಬರುತ್ತಾ? ಬಂದರೆ ಅದು ಲ್ಯಾಟೆಕ್ಸ್ (ಗ್ಲೌಸಿನ ರಬ್ಬರ್) ಅಲರ್ಜಿ ಇರಬಹುದು, ಹುಡುಗಾಟ ಅಲ್ಲ, ಉಸಿರು ಕಟ್ಟುವ ಮಟ್ಟಕ್ಕೂ ಹೋಗುತ್ತದೆ. ಲ್ಯಾಟೆಕ್ಸ್ ಇಲ್ಲದ ನೈಟ್ರೈಲ್ ಗ್ಲೌಸ್ ಕೇಳಿ ತಗೊಳ್ಳಿ, ಚರ್ಮದ ಡಾಕ್ಟರಿಗೆ ತೋರಿಸಿ. ಸೀಳು ಬಿಟ್ಟ ಕೈ ರೋಗಾಣುಗಳಿಗೆ ತೆರೆದ ಬಾಗಿಲು, ಹಾಗಾಗಿ ಇದನ್ನು ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಲೇಬೇಕು.

ನಿಮಗೆ ಗೊತ್ತಿರಲಿ, ಆಪರೇಷನ್‌ಗೆ ರಬ್ಬರ್ ಗ್ಲೌಸ್ ಬಂದ ಕಥೆಯಲ್ಲಿ ಒಬ್ಬ ನರ್ಸಿನ ಕೈ ಇದೆ. 1889ರ ಹೊತ್ತಿಗೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಓಟಿ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್ ಅವರ ಕೈ, ಕ್ರಿಮಿನಾಶಕ ಪಾದರಸದ ದ್ರಾವಣದಿಂದ ಹೀಗೇ ಒಡೆದು ಹೋಗಿತ್ತು. ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ರಬ್ಬರ್ ಕಂಪನಿಗೆ ಹೇಳಿ ತೆಳು ಗ್ಲೌಸ್ ಮಾಡಿಸಿಕೊಟ್ಟರು. ಅಂದರೆ ಗ್ಲೌಸ್ ಮೊದಲು ಕಾಪಾಡಿದ್ದು ರೋಗಿಯನ್ನಲ್ಲ, ಕೆಲಸದವರ ಕೈಯನ್ನು. (ಆಮೇಲೆ ಅವರಿಬ್ಬರೂ ಮದುವೆಯಾದರು, ಅದು ಬೇರೆ ಕಥೆ.)

ಪ್ರಶ್ನೆ: ಟಾಯ್ಲೆಟ್ ಚೆನ್ನಾಗಿ ಕ್ಲೀನ್ ಆಗಲಿ ಅಂತ ಬ್ಲೀಚ್ ಜೊತೆ ಆಸಿಡ್ ಸೇರಿಸಿದೆ. ಕೆಮ್ಮು ಬಂದು ಎದೆ ಬಿಗಿಯಿತು. ಏನಾಯ್ತು?

ಕ್ಲೋರಿನ್ ಗ್ಯಾಸ್ ಆಯ್ತು. ಬ್ಲೀಚಿಗೆ ಆಸಿಡ್ ಸೇರಿಸಬೇಡಿ, ಅಮೋನಿಯಾ ಇರುವ ಯಾವುದನ್ನೂ ಸೇರಿಸಬೇಡಿ, ಯಾವತ್ತೂ. ಬ್ಲೀಚಿಗೆ ನೀರು ಮಾತ್ರ. ಮತ್ತೆ ಹಾಗಾದರೆ ಬಾಟಲಿ ಬಿಟ್ಟು ಹೊರಗೆ ಗಾಳಿಗೆ ಓಡಿ. ಕೆಮ್ಮು ನಿಲ್ಲದಿದ್ದರೆ ಅದೇ ದಿನ ಡಾಕ್ಟರಿಗೆ ತೋರಿಸಿ, ಕೆಲವರಿಗೆ ಕೆಲವು ಗಂಟೆ ಬಿಟ್ಟು ಉಸಿರಾಟದ ತೊಂದರೆ ಜಾಸ್ತಿ ಆಗುತ್ತದೆ.

ಪ್ರಶ್ನೆ: ವಾರ್ಡ್ ಸಹಾಯಕ ನಾನು, ವಯಸ್ಸು 34. ರೋಗಿಗಳನ್ನು ಎತ್ತಿ ಎತ್ತಿ ಸೊಂಟ ಹಿಡಿದಿದೆ. ‘ಮಂಡಿ ಬಗ್ಗಿಸಿ ಎತ್ತು, ಸರಿಹೋಗುತ್ತೆ’ ಅಂತಾರೆ. ಹಾಗೇ ಮಾಡಿದರೂ ನೋವು ಹೋಗಿಲ್ಲ. ಮಾತ್ರೆ ನುಂಗಿ ಡ್ಯೂಟಿಗೆ ಹೋಗುತ್ತಿದ್ದೇನೆ.

ಮಂಡಿ ಬಗ್ಗಿಸಿ ಎತ್ತುವ ಪಾಠ ಮೂಟೆಗೆ ಬರೆದದ್ದು. ಮೂಟೆ ಅಲುಗಾಡುವುದಿಲ್ಲ, ನಡುವೆ ಹೆದರಿ ನಿಮ್ಮ ಕುತ್ತಿಗೆಗೆ ಜೋತು ಬೀಳುವುದಿಲ್ಲ. ಮಂಚದ ಆಚೆ ಬದಿಗೆ ಜಾರಿದ ಮನುಷ್ಯನನ್ನು ನೀವು ಸೊಂಟ ಬಗ್ಗಿಸಿ, ಕೈ ಚಾಚಿ, ತಿರುಚಿಕೊಂಡೇ ಎಳೆಯಬೇಕು. ಬರೀ ತರಬೇತಿ ಕೊಟ್ಟರೆ ಸೊಂಟನೋವು ಕಡಿಮೆ ಆಗುವುದಿಲ್ಲ ಅನ್ನುವುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಕೆಲಸದವರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಯಾಶ್‌ನ (NIOSH) ಸಂಶೋಧಕರೊಬ್ಬರು 2007ರಲ್ಲಿ ಒಂದು ಮಿತಿ ಹೇಳಿದರು: ರೋಗಿಯನ್ನು ಎತ್ತುವಾಗ ಎಲ್ಲ ಅನುಕೂಲವಾಗಿದ್ದರೂ ಒಬ್ಬರ ಮೇಲೆ 35 ಪೌಂಡ್, ಅಂದರೆ ಸುಮಾರು 16 ಕಿಲೋಗಿಂತ ಜಾಸ್ತಿ ಭಾರ ಬೀಳಬಾರದು. ದೊಡ್ಡವರ ಒಂದು ಕಾಲೇ 10 ಕಿಲೋ ದಾಟುತ್ತದೆ. ಇನ್ನು ಪೂರ್ತಿ ಮನುಷ್ಯನ ಮಾತೇನು?

ಹಾಗಾಗಿ ಎತ್ತುವುದನ್ನೇ ಕಡಿಮೆ ಮಾಡಬೇಕು. ರೋಗಿಯ ಅಡಿಗೆ ಹಾಕುವ ಜಾರುವ ಬಟ್ಟೆ, ಅಂದರೆ ಸ್ಲೈಡ್ ಶೀಟ್, ಭಾರವನ್ನು ಎತ್ತದೆ ಸರಿಸಲು ಸಹಾಯ ಮಾಡುತ್ತದೆ. ಏಳಲಾಗದವರಿಗೆ ರೋಗಿಯನ್ನು ಎತ್ತುವ ಹಾಯ್ಸ್ಟ್ ಯಂತ್ರ. ಇವೆರಡೂ ಇಲ್ಲದ ವಾರ್ಡಿನಲ್ಲಿ ಮೊದಲು ಮಂಚವನ್ನು ನಿಮ್ಮ ಸೊಂಟದ ಎತ್ತರಕ್ಕೆ ತನ್ನಿ, ಚಕ್ರಕ್ಕೆ ಬ್ರೇಕ್ ಹಾಕಿ, ಇನ್ನೊಬ್ಬರು ಬರುವ ತನಕ ಕಾಯಿರಿ. ‘ಮಂಡಿ ಮಡಚಿ ಕಾಲು ಊರಿ, ಮೂರು ಎಣಿಸಿದ ಮೇಲೆ ನೀವೂ ತಳ್ಳಿ’ ಅಂತ ರೋಗಿಗೇ ಹೇಳಿ ನೋಡಿ, ಅರ್ಧ ಭಾರ ಅವರೇ ಹೊರುತ್ತಾರೆ. ನಡೆಯುವಾಗ ರೋಗಿ ಕುಸಿದರೆ ಹಿಡಿದು ನಿಲ್ಲಿಸಲು ಹೋಗಬೇಡಿ. ತಲೆ ಬಡಿಯದಂತೆ ನೋಡಿಕೊಂಡು ಮೆಲ್ಲಗೆ ನೆಲಕ್ಕೆ ಇಳಿಸಿ. ಹಿಡಿಯಲು ಹೋಗಿಯೇ ಎಷ್ಟೋ ಜನರ ಸೊಂಟ ಹೋಗಿದೆ.

ನಿಮ್ಮ ನೋವಿಗೆ ಪೂರ್ತಿ ಮಲಗಿಬಿಡುವುದು ಮದ್ದಲ್ಲ, ಓಡಾಡುತ್ತಿರಿ, ಎತ್ತುವ ಕೆಲಸ ಕೆಲವು ವಾರ ಬಿಡಿಸಿಕೊಳ್ಳಿ. ಕಾಲಿಗೆ ಬಲ ಕಡಿಮೆ ಆದರೆ, ಕೂರುವ ಜಾಗ ಜೋಮು ಹಿಡಿದರೆ, ಮೂತ್ರದ ಹಿಡಿತ ತಪ್ಪಿದರೆ ಅವತ್ತೇ ಕ್ಯಾಜುವಾಲ್ಟಿಗೆ ಹೋಗಿ.

ಪ್ರಶ್ನೆ: ಕೀಮೋ ವಾರ್ಡಿನಲ್ಲಿ ನರ್ಸ್ ಆಗಿದ್ದೇನೆ. ಈಗ ಎರಡು ತಿಂಗಳ ಗರ್ಭಿಣಿ. ಮೂರು ತಿಂಗಳು ತುಂಬಿದ ಮೇಲೆ ಹೇಳೋಣ ಅಂತಿದ್ದೇನೆ.

ಮನೆಯವರಿಗೆ ಬೇಕಾದರೆ ಆಮೇಲೆ ಹೇಳಿ, ಇನ್‌ಚಾರ್ಜ್‌ಗೆ ಮಾತ್ರ ನಾಳೆಯೇ ಹೇಳಿ. ಮಗುವಿನ ಅಂಗಾಂಗ ರೂಪುಗೊಳ್ಳುವುದು ಈ ಮೊದಲ ಮೂರು ತಿಂಗಳಲ್ಲೇ. ಕೀಮೋ ಔಷಧಿ ಕಲಸುವುದು, ಹನಿಸುವುದು, ಚೆಲ್ಲಿದ್ದನ್ನು ಒರೆಸುವುದು, ಇದ್ಯಾವುದೂ ನಿಮಗೆ ಈಗ ಬೇಡ, ಬೇರೆ ಕೆಲಸ ಕೊಡಲಿ. ಉಳಿದವರೂ, ಗಂಡಸರೂ ಸೇರಿ, ಆ ಕೆಲಸಕ್ಕೆ ಎರಡು ಜೊತೆ ಗ್ಲೌಸ್ ಮತ್ತು ಗೌನ್ ಹಾಕಲೇಬೇಕು. ಕೀಮೋ ಆದ 48 ಗಂಟೆ ತನಕ ರೋಗಿಯ ಮೂತ್ರ, ವಾಂತಿಯಲ್ಲೂ ಔಷಧಿ ಇರುತ್ತದೆ ಅನ್ನುವುದು ಬೆಡ್‌ಪ್ಯಾನ್ ಎತ್ತುವವರಿಗೂ ಗೊತ್ತಿರಬೇಕು. ಅವರಿಗೆ ಯಾರೂ ಹೇಳಿರುವುದಿಲ್ಲ. ನೀವು ಹೇಳಿ.

ಪ್ರಶ್ನೆ: ಸತತ ನೈಟ್ ಡ್ಯೂಟಿ. ಬೆಳಿಗ್ಗೆ ಗಾಡಿ ಓಡಿಸುವಾಗ ಒಂದು ಕ್ಷಣ ಕಣ್ಣು ಮುಚ್ಚಿಹೋಯಿತು. ಯಾರಿಗೂ ಹೇಳಿಲ್ಲ.

ನನಗೆ ಹೇಳಿದಿರಲ್ಲ, ಒಳ್ಳೆಯದಾಯಿತು. ನೈಟ್ ಡ್ಯೂಟಿಯಿಂದ ಕ್ಯಾನ್ಸರ್ ಬರುವ ಸಂಭವ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2007ರಲ್ಲಿ ಹೇಳಿತ್ತು, 2019ರಲ್ಲೂ ಅದನ್ನೇ ಹೇಳಿತು. ಆದರೆ ನಿಮಗೆ ಇವತ್ತಿನ ಅಪಾಯ ಅದಲ್ಲ, ಆ ಗಾಡಿ. ರಾತ್ರಿ ಬಿಡುವಿನಲ್ಲಿ 20 ನಿಮಿಷ ಅಲಾರಾಂ ಇಟ್ಟು ಮಲಗಿ, ಅದಕ್ಕೆ ಜಾಗ ಕೊಡಿ ಅಂತ ಕೇಳಿ. ಕಿಟಕಿ ತೆಗೆಯುವುದು, ಹಾಡು ಜೋರು ಮಾಡುವುದು, ಮುಖಕ್ಕೆ ನೀರು ಹಾಕುವುದು, ಯಾವುದರಿಂದಲೂ ನಿದ್ದೆ ತಡೆಯಲಾಗುವುದಿಲ್ಲ. ಕಣ್ಣು ಎಳೆಯುತ್ತಿದ್ದರೆ ಡ್ಯೂಟಿ ರೂಮಿನಲ್ಲೇ ಅರ್ಧ ಗಂಟೆ ಮಲಗಿ, ಎದ್ದ ಮೇಲೆ ಮಂಪರು ಪೂರ್ತಿ ಹೋಗುವ ತನಕ ಕೂತು, ಆಮೇಲೆ ಕೀ ಹುಡುಕಿ.