ಎಳಿ ಮರಿಯ ತತ್ತಿ, ಲ್ಯಾಬಿನ ಭ್ರೂಣ: ನೀವು ಕೇಳಿದ್ದು, ನಾ ಹೇಳಿದ್ದು

ಹೋದ ಸಂಚಿಕಿಯೊಳಗ ಆಡಿಗೆ ಇಂಜೆಕ್ಷನ್ ಕೊಟ್ಟು ಗಬ್ಬ ಕಟ್ಟಸೋದರ ಬಗ್ಗೆ ಬರಕೋತ ಕಡೀಕ ಒಂದು ಸಾಲು ಸೇರಿಸಿದ್ದೆ, ಎರಡು ತಿಂಗಳ ಹೆಣ್ಣು ಮರಿಯಿಂದ್ಲೂ ಲ್ಯಾಬಿನಾಗ ಭ್ರೂಣ ಮಾಡ್ತಾರ ಅಂತ. ಉಳಿದ ಎರಡು ಪುಟ ಯಾರೂ ಓದಿಲ್ಲ ಅನ್ಸತೈತಿ, ಬಂದ ಪತ್ರ, ವಾಟ್ಸಾಪ್ ಎಲ್ಲಾ ಆ ಒಂದು ಸಾಲಿನ ಮ್ಯಾಲ. ಹಂಗಾಗಿ ಜಂತಿನ ಔಷಧ, ಕಾಲುಬ್ಯಾನಿ ಪ್ರಶ್ನೆ ಕೇಳಿದವರು ಈ ಸಲ ಸ್ವಲ್ಪ ತಡ್ಕೋರಿ.

ಎರಡು ತಿಂಗಳ ಮರಿ ಇನ್ನೂ ತಾಯಿ ಹಾಲು ಬಿಟ್ಟಿರಂಗಿಲ್ಲ, ಬೆದಿಗೆ ಬಂದಿರಂಗಿಲ್ಲ. ಅದರ ಹೊಟ್ಟಿಯೊಳಗ ತತ್ತಿ ಎಲ್ಲಿಂದ ಬಂತ್ರಿ? ಹುಡುಗಾಟ ಮಾಡ್ತೀರೇನು?
– ಓದುಗರು, ರಾಣೆಬೆನ್ನೂರು

ಹುಡುಗಾಟ ಅಲ್ರಿ. ಮೊದಲ ಒಂದು ಮಾತು, ನಮ್ಮ ಸಂಪಾದಕರಿಗೆ "ಅಂಡಾಣು" ಅಂತ ಬರದ್ರ ಸಮಾಧಾನ, ಆದ್ರ ನಮ್ಮ ಕಡಿ ತತ್ತಿ ಅಂದ್ರನ ತಿಳಿಯೋದು, ಕೋಳಿ ತತ್ತಿ ಅಲ್ಲ ಅಂತ ನೆನಪಿಟ್ರ ಸಾಕು. ಹೆಣ್ಣು ಮರಿ ಹುಟ್ಟುವಾಗನ ಅದರ ಅಂಡಾಶಯದಾಗ ಸಾವಿರಗಟ್ಟಲೆ ತತ್ತಿ ಇರ್ತಾವ, ಆಮ್ಯಾಲ ಹೊಸಾವು ಹುಟ್ಟಂಗಿಲ್ಲ, ಇದ್ದವು ಕಡಿಮಿ ಆಕ್ಕೋತ ಹೋಗ್ತಾವ. ದೊಡ್ಡದಾದ ಮ್ಯಾಲ 21 ದಿನಕ್ಕೊಮ್ಮೆ ಬೆದಿಗೆ ಬಂದಾಗ ಒಂದೋ ಎರಡೋ, ಭಾಳ ಅಂದ್ರ ಮೂರು ತತ್ತಿ ಹೊರಗ ಬೀಳ್ತಾವ. ಉಳಿದಾವು ಅಲ್ಲೇ ಕರಗಿ ಹೋಗ್ತಾವ. ಎಳಿ ಮರಿಯೊಳಗೂ ತತ್ತಿ ಇರೋ ನೀರಗುಳ್ಳಿ, ಅಂದ್ರ ಫಾಲಿಕಲ್, ಅರ್ಧಕ್ಕ ಬೆಳದು ಕರಗೋ ಕೆಲಸ ನಡದ ಇರ್ತೈತಿ, ಬೆದಿ ಅಷ್ಟ ಬರಂಗಿಲ್ಲ. ಅವಾಗ ಎಫ್‌ಎಸ್‌ಹೆಚ್ ಹಾರ್ಮೋನು ಚುಚ್ಚಿದ್ರ ಕರಗಬೇಕಾದವು ಒಟ್ಟಿಗೆ ಉಬ್ತಾವ. ಹೊಟ್ಟಿಯೊಳಗ ಬಿಡೋ ದುರ್ಬೀನಿನಿಂದ (ಲ್ಯಾಪರೊಸ್ಕೋಪ್) ನೋಡಿ ಸೂಜಿಲೆ ಆ ತತ್ತಿ ಎಳಕೊಂಡು, ಲ್ಯಾಬಿನಾಗ ಒಂದು ದಿನ ಮಾಗಿಸಿ, ಹೋತಿನ ವೀರ್ಯ ಕೂಡಿಸಿ, ಏಳೆಂಟು ದಿನ ಬೆಳಸಿ, ಬ್ಲಾಸ್ಟೊಸಿಸ್ಟ್ ಅನ್ನೋ ಹಂತಕ್ಕ ಬಂದದ್ದನ್ನ ಬ್ಯಾರೆ ದೊಡ್ಡ ಆಡಿನ ಗರ್ಭದಾಗ ಇಡ್ತಾರ. ಅದು 150 ದಿನದ ಮ್ಯಾಲ ಈಯ್ತೈತಿ.

ಲೆಕ್ಕ ಹಾಕ್ರಿ ಈಗ. ಎರಡು ತಿಂಗಳು, ಅದಕ್ಕ ಐದು ತಿಂಗಳು, ಮ್ಯಾಲ ಹತ್ತು ಹದಿನೈದು ದಿನ. ಅದರ ಓರಗಿ ಮರಿಗಳು ಮೊದಲನೇ ಬೆದಿಗೆ ಬರೋ ಹೊತ್ತಿಗೆ ಇದು ಎಂಟು ತಿಂಗಳು ತುಂಬೂದ್ರೊಳಗ ತಾಯಿ ಆಗಿಬಿಟ್ಟಿರ್ತೈತಿ, ಅದೂ ತಾ ಈಯದನ. ಹಂಗ ಬಿಟ್ರ ಅದು ಬೆಳದು, ಬೆದಿಗೆ ಬಂದು, ಗಬ್ಬಾಗಿ ಈಯಾಕ ಒಂದು ಒಂದೂಕಾಲು ವರ್ಷನಾರ ಬೇಕು. ತಳಿ ಸುಧಾರಣಿ ಮಾಡೋರಿಗೆ ಒಂದು ತಲೆಮಾರಿನ ಟೈಮ್ ಅರ್ಧ ಉಳಿತೈತಿ, ಅವರ ಜೀವ ಇದರಾಗ ಇರೋದು ಅದಕ್ಕ. ಆಸ್ಟ್ರೇಲಿಯಾದಾಗ 1990ರ ದಶಕದಾಗ ಕುರಿಮರಿ, ಕರುಗಳ ಮ್ಯಾಲ ಈ ಕೆಲಸ ಜೋರ್ ನಡೀತು, ಇದಕ್ಕ ಜೈವೆಟ್ (ಜುವೆನೈಲ್ ಇನ್ ವಿಟ್ರೊ ಎಂಬ್ರಿಯೊ ಟ್ರಾನ್ಸ್‌ಫರ್ ಅನ್ನೋದರ ಮೊಟಕು) ಅಂತ ಅಡ್ಡಹೆಸರೂ ಬಿತ್ತು.

ಸರ್, ನಾನು ವೆಟರ್ನರಿ ಓದಾಕತ್ತೇನಿ. ಮರಿ ತತ್ತಿಯಿಂದ ಬ್ಲಾಸ್ಟೊಸಿಸ್ಟ್ ಭಾಳ ಕಡಿಮಿ ಬರ್ತಾವ ಅಂತಾರ, ಯಾಕ? ತತ್ತಿ ಬೆಳಸೋ ದ್ರವಕ್ಕ, ಅಂದ್ರ ಮೀಡಿಯಾಕ್ಕ, ಏನು ಸೇರಿಸಿದ್ರ ಸುಧಾರಸ್ತೈತಿ?
– ವಿದ್ಯಾರ್ಥಿ, ಗದಗ

ಏನು ಸೇರಿಸಬೇಕು ಅಂತ ಮೊದಲ ಕೇಳಿದೆಲ್ಲೋ ತಮ್ಮಾ, ಎಲ್ಲಾರೂ ಅಲ್ಲೇ ಎಡವೋದು. ಸೀತನಿ ತಿಂದಿರಬೇಕಲ್ಲ ನೀನು. ಹಾಲುಗಾಳು ಇದ್ದಾಗ ಜ್ವಾಳದ ತೆನಿ ಮುರದು ಸುಟ್ಟು ತಿಂತೀವಿ, ರುಚಿ ಅಂದ್ರ ರುಚಿ, ನೋಡಾಕೂ ಕಾಳಿನಂಗ ದುಂಡಗ ಇರ್ತೈತಿ, ಆದ್ರ ಅದನ್ನ ಬೀಜ ಅಂತ ಹೊಲಕ್ಕ ಹಾಕ್ತೀಯೇನು? ಮರಿಯ ತತ್ತಿ ಅಂದ್ರ ಹಾಲುಗಾಳು. ಅದರ ನ್ಯೂಕ್ಲಿಯಸ್ ಲ್ಯಾಬಿನಾಗ 24 ತಾಸು ಇಟ್ರ ಮಾಗಿದಂಗ ತೋರಸ್ತೈತಿ, ಮೈಕ್ರೋಸ್ಕೋಪಿನಾಗ ಪೋಲಾರ್ ಬಾಡಿ (ಮಾಗಿದ ತತ್ತಿ ಹೊರಗ ದಬ್ಬೋ ಸಣ್ಣ ಕೋಶ) ಕಂಡು ನಾವು ಖುಷಿ ಪಡ್ತೀವಿ, ಆದ್ರ ಸುತ್ತಲಿನ ಸೈಟೋಪ್ಲಾಸಂ, ಅಂದ್ರ ತತ್ತಿಯೊಳಗಿನ ರಸ, ಇನ್ನೂ ಹಸಿ. ಮೈಟೊಕಾಂಡ್ರಿಯಾ ಸರಿಯಾಗಿ ಹರಡಿರಂಗಿಲ್ಲ, ಆಮ್ಲಜನಕದ ಹೊಡೆತ ತಡಿಯೋ ಗ್ಲುಟಾಥಯೋನ್ ಸಾಲಂಗಿಲ್ಲ. ಹಿಂಗಾಗಿ ವೀರ್ಯಾಣು ಒಳಗ ಹೋದ್ರೂ ಅದರ ತಲಿ ಬಿಚ್ಚಿಕೊಳ್ಳಂಗಿಲ್ಲ, ಇಲ್ಲಾ ಒಂದರ ಬದ್ಲಿ ಎರಡು ಮೂರು ಹೊಕ್ಕು ಕೆಡಸ್ತಾವ.

ಅಷ್ಟೂ ದಾಟಿ ಭ್ರೂಣ ಆತು ಅನ್ನು, ಎರಡು ನಾಲ್ಕಾಗಿ ನಾಲ್ಕು ಎಂಟಾಗಿ ಗಪ್ಪಂತ ನಿಂತುಬಿಡ್ತೈತಿ. ಆಡಿನ ಭ್ರೂಣ 8ರಿಂದ 16 ಕೋಶ ಆಗೂತನಕ ತಾಯಿ ತತ್ತಿಯೊಳಗ ಕಟ್ಟಿಕೊಟ್ಟ ಬುತ್ತಿ ಮ್ಯಾಲನ ಬದುಕ್ತೈತಿ, ಆಮ್ಯಾಲ ತನ್ನ ಸ್ವಂತ ಜೀನು ಚಾಲೂ ಆಗಬೇಕು. ಎಳಿ ತತ್ತಿಯ ಬುತ್ತಿಗಂಟಿನಾಗ ಎರಡ ರೊಟ್ಟಿ, ಊರು ಇನ್ನೂ ದೂರ ಇದ್ದಾಗನ ಖಾಲಿ.

ಹಂಗಾದ್ರ ಸುಧಾರಣಿ ಹೆಂಗ? ಮೊದಲನೇದ್ದು ಆರಿಸೋದು. 1995ರಾಗ ಫ್ರಾನ್ಸಿನವರು ದೊಡ್ಡ ಆಡುಗಳ ಫಾಲಿಕಲ್ಲನ್ನ ಸೈಜಿನ ಪ್ರಕಾರ ಬ್ಯಾರೆ ಮಾಡಿ ನೋಡಿದ್ರು, 2–3 ಮಿಲಿಮೀಟರಿನ ಸಣ್ಣವುಗಳ ತತ್ತಿಯಿಂದ ಬ್ಲಾಸ್ಟೊಸಿಸ್ಟ್ ಬಂದಿದ್ದು ಶೇ. 6ರ ಆಸುಪಾಸು, 5 ಮಿಲಿಮೀಟರ್ ದಾಟಿದವುಗಳಿಂದ ಶೇ. 26ರ ಆಸುಪಾಸು. ತಾಯಿ ವಯಸ್ಸು ಒಂದ, ಗುಳ್ಳಿ ಸೈಜ್ ಅಷ್ಟ ಬ್ಯಾರೆ. ಮರಿಯ ಅಂಡಾಶಯದಾಗ ಮುಕ್ಕಾಲುಪಾಲು ಗುಳ್ಳಿ 3 ಮಿಲಿಮೀಟರಿನ ಒಳಗಿನವ, ರೋಗದ ಮೂಲ ಅಲ್ಲೈತಿ. ಸ್ಪೇನಿನ ಬಾರ್ಸಿಲೋನಾದ ಅಟಾನಮಸ್ ಯೂನಿವರ್ಸಿಟಿಯೊಳಗ ಮರಿಯಾ ತೆರೇಸಾ ಪರಾಮಿಯೋ ಅವರ ತಂಡ ವರ್ಷಾನುಗಟ್ಟಲೆ ಮರಿಗಳ ತತ್ತಿ ಮ್ಯಾಲನ ಕೆಲಸ ಮಾಡಿ ಹೇಳಿದ್ದೂ ಇದ, ಮರಿದಾದ್ರೂ 3 ಮಿಲಿಮೀಟರ್ ದಾಟಿದ ಫಾಲಿಕಲ್ಲಿನ ತತ್ತಿ ದೊಡ್ಡ ಆಡಿನ ತತ್ತಿ ಜೋಡಿ ಸರಿಸಮ ನಿಲ್ತೈತಿ. ತತ್ತಿಯ ಅಗಲ 125 ಮೈಕ್ರಾನಿಗಿಂತ ಕಡಿಮಿ ಇತ್ತಂದ್ರ ಆಸೆ ಕಡಿಮಿ ಇಟ್ಕೋಬೇಕು.

ಅಳದು ಅಳದು ಕಣ್ಣು ಹೋಗ್ತಾವ ಅನ್ನೋರಿಗೆ ಬಣ್ಣದ ಪರೀಕ್ಷೆ ಐತಿ, ಬ್ರಿಲಿಯಂಟ್ ಕ್ರೆಸಿಲ್ ಬ್ಲೂ. ಇನ್ನೂ ಬೆಳೀತಿರೋ ತತ್ತಿಯೊಳಗ ಜಿ6ಪಿಡಿ ಅನ್ನೋ ಕಿಣ್ವ ಜೋರ್ ಇರ್ತೈತಿ, ಅದು ನೀಲಿ ಬಣ್ಣ ಅಳಸಿಬಿಡ್ತೈತಿ. ಬೆಳದು ಮುಗಿದದ್ದರಾಗ ಕಿಣ್ವ ತಣ್ಣಗಾಗಿರೋದಕ್ಕ ನೀಲಿ ಹಂಗ ಉಳಿತೈತಿ. ಒಂದೂವರಿ ತಾಸು ಬಣ್ಣದಾಗ ಇಟ್ಟು ನೀಲಿ ಇದ್ದದ್ದು ಇಟ್ಕೋ, ಬಿಳಿ ಇದ್ದದ್ದು ಬಿಡು. ಆದ್ರ ಒಂದು ಎಚ್ಚರಿಕಿ ತಮ್ಮಾ, ಹಿಂಗ ಆರಿಸಿದ ಮ್ಯಾಲ ಶೇಕಡಾ ಏರೋದು ಸಹಜ, ಕೆಟ್ಟದ್ದು ಒಗದ ಮ್ಯಾಲ ಒಳ್ಳೇದರ ಪಾಲು ಏರದನ ಏನಾಗ್ತೈತಿ? ಒಟ್ಟು ಭ್ರೂಣ ಒಂದೂ ಹೆಚ್ಚಾಗಿರಂಗಿಲ್ಲ. ಪ್ರಾಜೆಕ್ಟ್ ರಿಪೋರ್ಟಿನಾಗ ಆರಿಸಿದ ತತ್ತಿಗೆ ಎಷ್ಟು, ತಗದ ಒಟ್ಟು ತತ್ತಿಗೆ ಎಷ್ಟು, ಎರಡೂ ಬರಿ. ಎಕ್ಸಾಮಿನರ್ ಕೇಳಲಿಕ್ರೂ ಬರಿ.

ಖರೇ ಸುಧಾರಣಿ ಅಂದ್ರ ತತ್ತಿಗೆ ಟೈಮ್ ಕೊಡೋದು. ಫಾಲಿಕಲ್ಲಿನಿಂದ ಹೊರಗ ತಗದ ಕೂಡ್ಲೆ ತತ್ತಿ ತಾನ ಮಾಗಾಕ ಓಡ್ತೈತಿ, ಇದನ್ನ 1935ರಾಗನ ಪಿಂಕಸ್ ಅನ್ನೋ ಅಮೆರಿಕಾದವರು ಮೊಲದ ತತ್ತಿಯೊಳಗ ನೋಡಿದ್ರು. ಹೊಟ್ಟಿಯೊಳಗ ಇದ್ದಾಗ ಫಾಲಿಕಲ್ಲಿನ ಗೋಡಿ ಸಿಎನ್‌ಪಿ ಅನ್ನೋ ಪೆಪ್ಟೈಡ್ ಬಿಟ್ಟು "ನಿಂದ್ರಪಾ, ಅವಸರ ಬ್ಯಾಡ" ಅಂತ ಹಿಡದಿರ್ತೈತಿ, ಆ ಪುರುಸೊತ್ತಿನಾಗ ಸುತ್ತಲಿನ ಕ್ಯುಮುಲಸ್ ಕೋಶಗಳು ಬುತ್ತಿ ಕಟ್ತಿರ್ತಾವ. ಈಗ ಲ್ಯಾಬಿನಾಗೂ ಅದನ್ನ ಮಾಡ್ತಾರ, ಮಾಗಸೂಕಿಂತ ಮೊದಲ ಸಿಎನ್‌ಪಿ ಹಾಕಿ ಕೆಲವು ತಾಸು ತಡದು ಹಿಡದು ಆಮ್ಯಾಲ ಬಿಡೋದು. ನನಗಂತೂ ಈ ದಾರಿನ ಸರಿ ಅನ್ಸತೈತಿ, ಯಾಕಂದ್ರ ಇದು ಎಳೀದನ್ನ ಒಗಿಯಂಗಿಲ್ಲ, ಬಲಿಯಾಕ ಬಿಡ್ತೈತಿ.

ನೀ ಕೇಳಿದ ಸೇರಿಸೋ ಸಾಮಾನು ಆಮ್ಯಾಲಿನದ್ದು. ಸಿಸ್ಟಿಯಮಿನ್ ಹಾಕಿದ್ರ ಗ್ಲುಟಾಥಯೋನ್ ಏರ್ತೈತಿ, ಮೆಲಟೋನಿನ್ನೂ ಹಾಕಿ ನೋಡ್ಯಾರ, ಭ್ರೂಣ ಬೆಳಸುವಾಗ ಗಾಳಿಯೊಳಗಿನ 20ರ ಬದ್ಲಿ ಶೇ. 5 ಆಮ್ಲಜನಕ ಇಡೋದೂ ಅದ ಕಾರಣಕ್ಕ.

ಇದೆಲ್ಲಾಕ್ಕಿಂತ ಮೊದಲ ಫ್ಲಾಸ್ಕ್ ನೋಡ್ಕೋ. ನಾ ಕೆಲಸ ಕಲಿಯೋ ದಿನದಾಗ ಕಸಾಯಿಖಾನಿಯಿಂದ ಅಂಡಾಶಯ ಬಿಸಿ ಸಲೈನಿನಾಗ ಹಾಕ್ಕೊಂಡು ಹುಬ್ಬಳ್ಳಿಯಿಂದ ಬಸ್ ಹತ್ತಿದ್ದೆ, ನವಲೂರ ಹತ್ರ ಬಸ್ಸಿನ ಟೈರ್ ಹೋತು, ಜಿಟಿಜಿಟಿ ಮಳಿ ಬ್ಯಾರೆ, ಫ್ಲಾಸ್ಕಿನ ಮುಚ್ಚಳ ಸಡಿಲ ಇತ್ತು ಅದು ನನಗ ಗೊತ್ತಿಲ್ಲ. ಲ್ಯಾಬ್ ಮುಟ್ಟಿ ಥರ್ಮಾಮೀಟರ್ ಇಟ್ರ 22 ಡಿಗ್ರಿ. ಆ ವಾರ ಒಂದೂ ಬ್ಲಾಸ್ಟೊಸಿಸ್ಟ್ ಬರಲಿಲ್ಲ, ನಾ ಮೀಡಿಯಾ ಕೆಟ್ಟೈತಿ ಅಂತ ಹದಿನೈದು ದಿನ ಹೊಸಾದು ಮಾಡ್ಕೋತ ಕುಂತೆ! ಆಡಿನ ತತ್ತಿ ಥಂಡಿ ತಡಿಯಂಗಿಲ್ಲ. ಮಾಗಸೋದು 38.5 ಡಿಗ್ರಿಯೊಳಗ, ತರೋವಾಗ 30ರ ಮ್ಯಾಲ ಇರ್ಬೇಕು. ಇನ್ನೊಂದು, ಕಸಾಯಿಖಾನಿಯೊಳಗ "ಮರಿ" ಅಂತ ಕೊಡೋದು ಖರೇನ ಮರಿ ಹೌದೋ ಅಲ್ಲೋ ನೋಡು, ಕೊಯ್ಯೂಕಿಂತ ಮೊದಲ ಬಾಯಿ ತಗಸಿ ಹಾಲುಹಲ್ಲು ನೋಡಿ ಬರಕೋ. ಮತ್ತ ಎಲ್ಲಾ ಪ್ರಯೋಗಕ್ಕೂ ಒಂದ ಹೋತಿನ ವೀರ್ಯ ಬಳಸು, ಇಲ್ಲಂದ್ರ ಹೋತಿನ ಗುಣ ಸಿಎನ್‌ಪಿ ಗುಣ ಅಂತ ಬರದುಬಿಡ್ತಿ.

ಸಣ್ಣ ಮರಿಗೆ ಇದೆಲ್ಲಾ ಹಿಂಸೆ ಅಲ್ಲೇನ್ರಿ? ಸತ್ತು ಹೋದ್ರ?
– ಗೃಹಿಣಿ, ಹಾವೇರಿ

ಅರಿವಳಿಕಿ ಕೊಟ್ಟು ಮಾಡ್ತಾರಮ್ಮಾ, ಹೊಟ್ಟಿಗೆ ಮೂರು ಸಣ್ಣ ತೂತು, ಕೊಯ್ಯೋದಿಲ್ಲ. ಮೊದಲ ಉಪಾಸ ಇಡಬೇಕು, ಆದ್ರ ಸಣ್ಣ ಮರಿಯನ್ನ ದೊಡ್ಡ ಆಡಿನಷ್ಟು ಹೊತ್ತು ಉಪಾಸ ಕೆಡವಬಾರದು, ನಿತ್ರಾಣ ಆಗ್ತಾವ. ನುರಿತವರ ಕೈಯಾಗ ಒಂದ ಮರಿಯಿಂದ ನಾಕೈದು ಸಲ ತಗೀಬಹುದು. ಕಲಿಯೋರ ಕೈಯಾಗ ಒಳಗ ಅಂಡಾಶಯಕ್ಕ ಅಂಟುಗಟ್ಟೋ ಅಪಾಯ ಐತಿ, ಇಲ್ಲ ಅನ್ನಂಗಿಲ್ಲ. ನಿಮ್ಮ ಪ್ರಶ್ನೆ ಲ್ಯಾಬಿನವರೂ ಕೇಳ್ಕೋಬೇಕಾದ್ದ.

ಹಡಿಯೋ ಆಡು ಬ್ಯಾರೆ, ತತ್ತಿ ಕೊಟ್ಟ ಮರಿ ಬ್ಯಾರೆ. ಹುಟ್ಟಿದ್ದು ಯಾರ ಗುಣ ತಗೋತೈತಿ?
– ಓದುಗರು, ಕುಂದಗೋಳ

ತತ್ತಿ ಕೊಟ್ಟ ಮರೀದು, ವೀರ್ಯ ಕೊಟ್ಟ ಹೋತಿಂದು. ಬಣ್ಣ, ಎತ್ತರ, ಕಿವಿ ಎಲ್ಲಾ ಅವರದ. ಹಡೆದಾಕಿದು ಹಾಲು ಮತ್ತ ಗರ್ಭದ ಜೋಪಾನ, ಹುಟ್ಟಿದ ತೂಕದ ಮ್ಯಾಲ ಅದರ ಪರಿಣಾಮ ಆಗ್ತೈತಿ. ಕಾಶ್ಮೀರದಾಗ 2012ರಾಗ ಹುಟ್ಟಿದ ಪಶ್ಮೀನಾ ಆಡಿನ ಕ್ಲೋನು ನೂರಿ ನೆನಪೈತಿಲ್ಲೋ, ಅದನ್ನ ಹಡೆದದ್ದೂ ಬಾಡಿಗಿ ತಾಯಿನ. ಕ್ಲೋನ್ ಬ್ಯಾರೆ ಇದು ಬ್ಯಾರೆ, ಬಾಡಿಗಿ ತಾಯಿ ಸಂಗತಿ ಅಷ್ಟ ಒಂದ.

ನನ್ನ ಹತ್ರ 12 ಆಡು ಅದಾವ. ಒಬ್ಬ ಏಜೆಂಟ್ ಬಂದು ನಿಮ್ಮ ಹೆಣ್ಣು ಮರಿಯಿಂದ ವರ್ಷಕ್ಕ 40 ಮರಿ ಮಾಡಿಸಿಕೊಡ್ತೀವಿ, ಅಡ್ವಾನ್ಸ್ ಕೊಡ್ರಿ ಅಂದ. ಕೊಡ್ಲ್ಯಾ?
– ರೈತರು, ಕಲಘಟಗಿ

ಒಂದು ರೂಪಾಯಿನೂ ಕೊಡಬ್ಯಾಡ್ರಿ. ಮ್ಯಾಲ ಗದಗಿನ ಹುಡುಗಗ ಬರದದ್ದು ಓದ್ರಿ, ಪುಸ್ತಕ ಓದಿದವರಿಗೆ, ಕೋಟಿ ಕೋಟಿ ಮಶೀನ್ ಇದ್ದವರಿಗೆ ನೂರು ಮರಿ ತತ್ತಿಯೊಳಗ ಹತ್ತಿಪ್ಪತ್ತು ಭ್ರೂಣ ಆದ್ರ ಹಬ್ಬ. ಆದ ಭ್ರೂಣ ಎಲ್ಲಾನೂ ಗಬ್ಬ ನಿಲ್ಲಂಗಿಲ್ಲ, ಒಂದೊಂದು ಬಾಡಿಗಿ ಆಡಿಗೆ ಸಾಮಾನ್ಯ ಎರಡೆರಡು ಭ್ರೂಣ ಇಡಬೇಕು, ಆ ಬಾಡಿಗಿ ಆಡುಗಳಿಗೆಲ್ಲಾ ಹಾರ್ಮೋನಿನ ಸ್ಪಂಜ್ ಇಟ್ಟು ಒಂದ ದಿನ ಬೆದಿಗೆ ತರಬೇಕು. ನಲವತ್ತು ಮರಿಗೆ ಬಾಡಿಗಿ ತಾಯಿ ಎಷ್ಟು ಬೇಕು, ಅವು ಯಾರ ಹಟ್ಟಿಯೊಳಗ ಅದಾವ, ಅವಕ್ಕ ಮೇವು ಯಾರು ಹಾಕ್ತಾರ ಅಂತ ಆ ಏಜೆಂಟ್ ಮತ್ತ ಬಂದ್ರ ಕೇಳ್ರಿ. ಚಾ ಕುಡಿಯಾಕೂ ನಿಲ್ಲಂಗಿಲ್ಲ.

ನಿಮ್ಮ 12 ಆಡಿಗೆ ಬೇಕಾದ್ದು ಒಂದು ಚಲೋ ಹೋತು. ಅವಳಿ ಹುಟ್ಟಿದ್ದು ಇರ್ಲಿ, ಅದರ ತಾಯಿಗೆ ಹಾಲು ಇತ್ತೋ ಇಲ್ಲೋ ಕೇಳಿ ತಗೋರಿ, ಉಸ್ಮಾನಾಬಾದಿ ಆದ್ರ ನಮ್ಮ ಬಿಸಿಲಿಗೆ ಹೊಂದ್ತೈತಿ. ನಿಮ್ಮ ಹಟ್ಟಿಗೆ ಬಂದು ಎರಡು ವರ್ಷ ಆದ ಕೂಡ್ಲೆ ಹೋತು ಬದಲಿ ಮಾಡ್ರಿ, ಇಲ್ಲಂದ್ರ ತನ್ನ ಮಗಳನ್ನ ತಾನ ಕಟ್ತೈತಿ. ಈಗ ಇರೋ ಹೋತಿಗೆ ಎಷ್ಟು ವರ್ಷ ಆತು ಅಂತ ನೀವು ಪತ್ರದಾಗ ಬರದ ಇಲ್ಲ, ಮುಂದಿನ ಸಲ ಬರೀರಿ.