ಎರಡನೇ ಮಹಾಯುದ್ಧದ ನಂತರ ಅಮೆರಿಕ ಜಪಾನಿನ ಶಾಲೆಗಳನ್ನು ಬದಲಿಸಿತು, ಜರ್ಮನಿಯಲ್ಲಿ ಯಾಕೆ ಆಗಲಿಲ್ಲ?

ಮುಖ್ಯ ಕಾರಣ, ಜಪಾನಿನಲ್ಲಿ ಒಂದೇ ಸರ್ಕಾರ ಉಳಿದಿತ್ತು. ಅಮೆರಿಕನ್ನರು ಅದರ ಮೂಲಕವೇ ಆಳಿದರು. ಟೋಕಿಯೋದ ಆದೇಶ ಹಳ್ಳಿ ಶಾಲೆವರೆಗೂ ಮುಟ್ಟುತ್ತಿತ್ತು. 1945ರಲ್ಲಿ ಹೊಸ ಪುಸ್ತಕ ಅಚ್ಚು ಹಾಕುವಷ್ಟು ಪುರುಸೊತ್ತು ಇರಲಿಲ್ಲ. ಹಾಗಾಗಿ ಮಕ್ಕಳ ಕೈಗೇ ಕುಂಚ ಕೊಟ್ಟು, ಯುದ್ಧವನ್ನು ಹೊಗಳುವ ಸಾಲುಗಳ ಮೇಲೆ ಕಪ್ಪು ಮಸಿ ಬಳಿಸಿದರು. ಆ ಸಾಲುಗಳನ್ನು ಬಾಯಿಪಾಠ ಮಾಡಿಸಿದ್ದ ಮೇಷ್ಟ್ರೇ ಈಗ ಅಳಿಸಿ ಅಂದರೆ ಮಕ್ಕಳಿಗೆ ಹೇಗಾಗಿರಬೇಡ! 1947ರಲ್ಲಿ ಹೊಸ ಕಾನೂನು ಬಂತು. ಆರು ವರ್ಷ ಪ್ರಾಥಮಿಕ, ಮೂರು ವರ್ಷ ಮಾಧ್ಯಮಿಕ, ಒಟ್ಟು ಒಂಬತ್ತು ವರ್ಷ ಎಲ್ಲರಿಗೂ ಕಡ್ಡಾಯ. ಇಂಥ ಬದಲಾವಣೆ ಬಯಸಿದ್ದ ಜಪಾನಿ ಶಿಕ್ಷಣತಜ್ಞರೂ ಇದ್ದರು, ಅದನ್ನು ಮರೆಯಬಾರದು.

ಜರ್ಮನಿಯಲ್ಲಿ ಹಾಗೆ ಒಂದೇ ಸರ್ಕಾರ ಇರಲಿಲ್ಲ. ಅದು ಅಮೆರಿಕ, ಬ್ರಿಟನ್, ಫ್ರಾನ್ಸ್, ಸೋವಿಯತ್ ಒಕ್ಕೂಟ ಆಳುವ ನಾಲ್ಕು ವಲಯಗಳಾಗಿ ಹಂಚಿಹೋಗಿತ್ತು. ನಾಜಿ ಪುಸ್ತಕಗಳನ್ನು ತೆಗೆದರು, ನಾಜಿ ಮೇಷ್ಟ್ರುಗಳನ್ನೂ ತೆಗೆದರು, ಆದರೆ ಅವರಲ್ಲಿ ಎಷ್ಟೋ ಜನ ಆಮೇಲೆ ವಾಪಸ್ ಬಂದರು. ಹತ್ತನೇ ವಯಸ್ಸಿಗೇ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗೆ ವಿಂಗಡಿಸುವ ಪದ್ಧತಿ ಬಿಡಿ ಅಂತ ಅಮೆರಿಕನ್ನರು ಹೇಳಿದಾಗ ಅವರ ವಲಯದಲ್ಲಿದ್ದ ಬವೇರಿಯಾ ರಾಜ್ಯದ ಶಿಕ್ಷಣ ಸಚಿವ ಅಲೋಯಿಸ್ ಹುಂಡ್‌ಹಾಮರ್ ಜಗ್ಗಲೇ ಇಲ್ಲ. ಶೀತಲ ಸಮರ ಶುರುವಾದ ಮೇಲೆ ಅಮೆರಿಕವೂ ಜಾಸ್ತಿ ಒತ್ತಾಯ ಮಾಡಲಿಲ್ಲ. ಸೋವಿಯತ್ ವಲಯದಲ್ಲಿ ಮಾತ್ರ 1946ರ ಕಾನೂನಿನಿಂದ ಎಲ್ಲರಿಗೂ ಎಂಟು ವರ್ಷದ ಒಂದೇ ಶಾಲೆ ಬಂತು.