ಬಾಲ ಕಳಚಿದ ಗೆಕ್ಕೊ: ಮುಲಾಮಿಗಿಂತ ಮೊದಲು ಮರಳು ತೆಗೆಯಿರಿ

ನಿಮ್ಮ ಲೆಪರ್ಡ್ ಗೆಕ್ಕೊ (ಮನೆಯಲ್ಲಿ ಸಾಕುವ ಒಂದು ಬಗೆಯ ಹಲ್ಲಿ) ಮೂರು ದಿನಗಳ ಹಿಂದೆ ಬಾಲ ಕಳಚಿಕೊಂಡಿದೆ, ಗಾಯಕ್ಕೆ ಮುಲಾಮು ಹಚ್ಚಬೇಕೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ. ಬಾಲ ಕಳಚುವಾಗ ಅಲ್ಲಿನ ರಕ್ತನಾಳಗಳು ತಾವಾಗಿಯೇ ಬಿಗಿದುಕೊಳ್ಳುತ್ತವೆ. ಗಾಯ ಒಣಗಲು ಬಿಡಿ. ಮನುಷ್ಯರಿಗಾಗಿ ಮಾಡಿದ, ನೋವುನಿವಾರಕ ಬೆರೆತ ಮುಲಾಮನ್ನಂತೂ ಸೋಕಿಸಲೇಬೇಡಿ.

ತುರ್ತಾಗಿ ಆಗಬೇಕಾದದ್ದು ಬೇರೆ. ಅದರ ಗೂಡಿನಲ್ಲಿ ನೀವು ಹಾಸಿರುವ ಮರಳನ್ನು ಇಂದೇ ತೆಗೆಯಿರಿ. ಅದರ ಕಣಗಳು ಹಸಿ ಗಾಯಕ್ಕೆ ಅಂಟಿ ಸೋಂಕಿಗೆ ದಾರಿ ಮಾಡುತ್ತವೆ. ಬದಲಿಗೆ ಟಿಶ್ಯೂ ಕಾಗದ ಹಾಸಿ, ಕೊಳೆಯಾದಾಗಲೆಲ್ಲ ಬದಲಿಸಿ. ಜೊತೆಯಲ್ಲಿ ಇನ್ನೊಂದು ಗೆಕ್ಕೊ ಇದ್ದರೆ ಬೇರ್ಪಡಿಸಿ. ಬೆಚ್ಚಗಿನ ಮೂಲೆ 32 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಲಿ. ಕೆಲವು ವಾರ ಕೈಗೆತ್ತಿಕೊಳ್ಳಬೇಡಿ. ಮುದ್ದಿನ ಜೀವವನ್ನು ದೂರದಿಂದಲೇ ನೋಡುವುದು ಕಷ್ಟ, ಆದರೂ ಅದಕ್ಕೀಗ ನೆಮ್ಮದಿ ಬೇಕು.

ಈ ಜಾತಿಗೆ ಬಾಲವೇ ಕೊಬ್ಬಿನ ಉಗ್ರಾಣ. ಅದು ಹೋದ ಮೇಲೆ ಉಪವಾಸ ತಾಳುವ ಶಕ್ತಿ ಕುಗ್ಗುತ್ತದೆ. ಆದ್ದರಿಂದ ಕ್ಯಾಲ್ಸಿಯಂ ಪುಡಿ ಸವರಿದ ಹುಳುಗಳನ್ನು ಮಾಮೂಲಿಗಿಂತ ತುಸು ಹೆಚ್ಚಾಗಿ ಕೊಡಿ, ನೀರು ಸದಾ ಇರಲಿ.

ಊತ, ಕೀವು, ದುರ್ವಾಸನೆ ಕಂಡರೆ ಅಥವಾ ಕಪ್ಪು ಬಣ್ಣ ಮೈಯತ್ತ ಹರಡಿದರೆ ತಡಮಾಡದೆ ಸರೀಸೃಪಗಳನ್ನು ಬಲ್ಲ ಪಶುವೈದ್ಯರಲ್ಲಿಗೆ ಒಯ್ಯಿರಿ. ಹೊಸ ಬಾಲ ಸಾಮಾನ್ಯವಾಗಿ ಚಿಗುರುತ್ತದೆ. ಅದರೊಳಗೆ ಮೂಳೆಯ ಬದಲು ಮೃದ್ವಸ್ಥಿ ಇರುತ್ತದೆ. ನೋಡಲು ಮೊದಲಿನದಕ್ಕಿಂತ ಗಿಡ್ಡ, ದಪ್ಪ, ನುಣುಪು.